ಮೂವತ್ತನೇ ದಿನ, ಮೂವತ್ತನೇ ವಾರ

“ಮಗೂನ ಕಣ್ಣಿನ ಡಾಕ್ಟ್ರಿಗೆ ತೋರಿಸಿದ್ರೇನೇ?”

“ಇಲ್ಲಿ ಬೇಕಾಗಿಲ್ಲ ಅಂದ್ರು ಕಣಮ್ಮ.”

“ಅದ್ಹೇಗೆ ಬೇಡ ಅಂತಾರೆ? ಇಲ್ಲಿ ಪಕ್ಕದ ಮನೆ ಮಗೂಗೆ ತಿಂಗಳು ತುಂಬೋದ್ರೊಳಗೆ ತೋರಿಸಲೇಬೇಕು ಅಂತ ಚೀಟಿ ಬರೆದುಕೊಟ್ಟಿದ್ರು. ಅದೂ ನಮ್ಮ ಪುಟ್ಟನ ಹಾಗೇ ಮೂವತ್ಮೂರು ವಾರಕ್ಕೆ ಹುಟ್ಟಿದ್ದು.”

ದಿನ ತುಂಬುವ ಮೊದಲೇ ಮಗು ಹುಟ್ಟಿದ ಮನೆಗಳಲ್ಲಿ ಹಾಸನಕ್ಕೂ ಗೋಥೆನ್‌ಬರ್ಗಿಗೂ ನಡುವೆ ಇಂಥದೊಂದು ಫೋನ್ ಮಾತು ನಡೆಯುವುದು ಸಹಜ. ಅಮ್ಮನಿಗೆ ಇಲ್ಲಿನ ಡಾಕ್ಟರ ಮೇಲೆ ನಂಬಿಕೆಯಿಲ್ಲ ಎಂದು ಮಗಳಿಗೆ ಸಿಟ್ಟು. ಪರದೇಶದಲ್ಲಿ ಇವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ ಎಂದು ಅಮ್ಮನಿಗೆ ಹೆದರಿಕೆ. ಈ ಸಲದ ಅಂಕಣ ಈ ಜಗಳದ ಬಗ್ಗೆಯೇ, ಏಕೆಂದರೆ ಇಬ್ಬರೂ ಹೇಳುತ್ತಿರುವುದು ಸರಿ. ಮೂವತ್ಮೂರು ವಾರಕ್ಕೆ ಹುಟ್ಟಿ ಬೇರೆ ದೊಡ್ಡ ತೊಂದರೆಯಿಲ್ಲದ ಮಗುವಿಗೆ ಸ್ವೀಡನ್ನಿನಲ್ಲಿ ಈ ತಪಾಸಣೆ ಸಾಮಾನ್ಯವಾಗಿ ಇಲ್ಲ. ಅದೇ ಮಗು ಕರ್ನಾಟಕದಲ್ಲಿ ಹುಟ್ಟಿದ್ದರೆ ತಪಾಸಣೆ ಆಗಲೇಬೇಕು.

ಇಬ್ಬರೂ ಸರಿಯಾಗಿದ್ದರೆ ಜಗಳವೇನು ಎನ್ನಬೇಡಿ. ಅಪಾಯ ಬರುವುದು ಆಮೇಲೆ. ಆರು ತಿಂಗಳ ನಂತರ ಚಿತ್ರದುರ್ಗದಲ್ಲಿರುವ ತಂಗಿಗೂ ದಿನ ತುಂಬದೆ ಹೆರಿಗೆಯಾಗುತ್ತದೆ. ಆಗ ಈ ಅಕ್ಕ ಅಕ್ಕರೆಯಿಂದಲೇ, “ಸ್ವೀಡನ್ನಲ್ಲೇ ಬೇಡ ಅಂದ್ರು, ಸುಮ್ನೆ ಅಷ್ಟು ಸಣ್ಣ ಮಗೂನ ಯಾಕೆ ಗೋಳುಹೊಯ್ಕೊಳ್ತೀರಿ” ಎಂದುಬಿಡುತ್ತಾಳೆ. ಹೊರದೇಶದಲ್ಲಿರುವವರ ಮಾತಿಗೆ ನಮ್ಮ ಊರುಗಳಲ್ಲಿ ಎಷ್ಟು ತೂಕವಿದೆ ಎಂದು ನಿಮಗೆ ಗೊತ್ತು. ಆ ಒಂದು ಮಾತಿಗೆ ಒಂದು ಮಗುವಿನ ದೃಷ್ಟಿ ಹೋಗಬಹುದು.

ಕಾಯಿಲೆಯ ಹೆಸರು ಉದ್ದ: ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ. ಡಾಕ್ಟರುಗಳು ಆರ್‌ಒಪಿ ಎನ್ನುತ್ತಾರೆ. ಕಣ್ಣಿನ ಹಿಂಭಾಗದಲ್ಲಿ, ನೋಡಿದ್ದನ್ನು ಹಿಡಿದು ಮಿದುಳಿಗೆ ಕಳಿಸುವ ತೆಳು ಪೊರೆಯೇ ರೆಟಿನಾ, ಕನ್ನಡದಲ್ಲಿ ಅಕ್ಷಿಪಟಲ. ಅದಕ್ಕೆ ರಕ್ತ ಒಯ್ಯುವ ನಾಳಗಳು ಗರ್ಭದ ಸುಮಾರು 16ನೇ ವಾರದಲ್ಲಿ ಕಣ್ಣಿನ ನರದ ಬುಡದಿಂದ ಹೊರಟು ಅಂಚಿನ ಕಡೆಗೆ ಹಬ್ಬುತ್ತಾ ಹೋಗುತ್ತವೆ. ಮೂಗಿನ ಕಡೆಯ ಅಂಚನ್ನು ಮುಟ್ಟುವುದು ಸುಮಾರು 36ನೇ ವಾರಕ್ಕೆ, ಕಿವಿಯ ಕಡೆಯ ಅಂಚನ್ನು ಮುಟ್ಟುವುದು 40ರ ಹೊತ್ತಿಗೆ. ನಾಲೆಯ ನೀರು ಮೊದಲ ಗದ್ದೆಗಳನ್ನು ತಣಿಸಿ ಕೊನೆಗೆ ಬಾಲದ ತುದಿಯ ಗದ್ದೆಗೆ ಬರುತ್ತದಲ್ಲ, ಹಾಗೆ. 26ನೇ ವಾರಕ್ಕೆ ಮಗು ಹುಟ್ಟಿಬಿಟ್ಟರೆ ತುದಿಯ ಗದ್ದೆಗಳಿಗೆ ಇನ್ನೂ ನಾಲೆಯನ್ನೇ ತೋಡಿರುವುದಿಲ್ಲ.

ಹುಟ್ಟಿದ ಕೂಡಲೇ ನಡೆಯುವುದು ಒಂದು ಬಗೆಯ ಸ್ತಬ್ಧತೆ. ಹೊಟ್ಟೆಯೊಳಗಿದ್ದಾಗ ಸಿಗುತ್ತಿದ್ದುದಕ್ಕಿಂತ ಹೊರಗೆ ಆಮ್ಲಜನಕ ಹೆಚ್ಚು. ನಾಳಗಳನ್ನು ಬೆಳೆಸುತ್ತಿದ್ದ, ತಾಯಿಯ ಕಡೆಯಿಂದ ಬರುತ್ತಿದ್ದ ಪೋಷಕಗಳೂ ತಪ್ಪಿಹೋಗಿರುತ್ತವೆ. ನಾಳಗಳ ಬೆಳವಣಿಗೆ ನಿಲ್ಲುತ್ತದೆ. ಕೆಲವು ವಾರ ಕಳೆದ ಮೇಲೆ, ಗರ್ಭದ ಲೆಕ್ಕದಲ್ಲಿ 32ನೇ ವಾರದ ಆಸುಪಾಸು, ಬೆಳೆಯುತ್ತಿರುವ ಅಕ್ಷಿಪಟಲದ ಒಣಗಿದ ಅಂಚು ರಕ್ತಕ್ಕಾಗಿ ಕೂಗಿಕೊಳ್ಳುತ್ತದೆ. ಆಗ ಹೊಸ ನಾಳಗಳು ಹುಟ್ಟುತ್ತವೆ. ಎಷ್ಟೋ ಮಕ್ಕಳಲ್ಲಿ ಅವು ತಾವಾಗಿಯೇ ದಾರಿಗೆ ಬಂದು ಎಲ್ಲ ಸರಿಹೋಗುತ್ತದೆ. ಕೆಲವರಲ್ಲಿ ಮಾತ್ರ ಅಡ್ಡಾದಿಡ್ಡಿಯಾಗಿ, ಪೊರೆಯಿಂದ ಮೇಲಕ್ಕೆದ್ದು ಬೆಳೆದು, ಕೊನೆಗೆ ಗಾಯದ ಕಲೆಯ ಹಾಗೆ ಬಿಗಿದುಕೊಂಡು ಅಕ್ಷಿಪಟಲವನ್ನೇ ಕಿತ್ತು ಎಳೆಯುತ್ತವೆ. ಒಮ್ಮೆ ಅದು ಪೂರ್ತಿ ಕಳಚಿದರೆ ಶಸ್ತ್ರಚಿಕಿತ್ಸೆಯಿಂದಲೂ ಮರಳಿ ಸಿಗುವ ದೃಷ್ಟಿ ಅಲ್ಪ.

ಇಷ್ಟೆಲ್ಲ ನಡೆಯುವಾಗ ಹೊರಗಿನಿಂದ ಏನೂ ಕಾಣಿಸದು. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಮಗು ಎರಡು ಬಟ್ಟಲುಗಣ್ಣು ಬಿಟ್ಟು ನಿಮ್ಮ ಮುಖ ನೋಡಿದಂತೆಯೇ ಇರುತ್ತದೆ. ಪಾಪೆಯ ನಡುವೆ ಬೆಳ್ಳಗೆ ಕಾಣಿಸಿತು ಎಂದು ಓಡಿಬರುವ ಹೊತ್ತಿಗೆ ಮಾಡಬಹುದಾಗಿದ್ದ ಕೆಲಸದ ಗಡುವು ಕಳೆದಿರುತ್ತದೆ. ಆದ್ದರಿಂದಲೇ ಲಕ್ಷಣ ಕಂಡಮೇಲೆ ನೋಡುವ ಕಾಯಿಲೆ ಇದಲ್ಲ, ತಾರೀಕು ನೋಡಿ ನೋಡುವ ಕಾಯಿಲೆ.

ಇನ್ನು ಎರಡು ದೇಶಕ್ಕೆ ಎರಡು ಲೆಕ್ಕ ಏಕೆ ಎಂಬುದು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1942ರಲ್ಲಿ ಬಾಸ್ಟನ್‌ನ ಥಿಯೋಡರ್ ಟೆರಿ ಎಂಬ ಕಣ್ಣಿನ ವೈದ್ಯರು ಇದನ್ನು ಮೊದಲು ವಿವರಿಸಿದರು. ಆಮೇಲಿನ ಹತ್ತು ವರ್ಷಗಳಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಕುರುಡಾದರು, ಹೆಚ್ಚಿನವರು ಒಳ್ಳೆಯ ಆಸ್ಪತ್ರೆಗಳಿದ್ದ ಶ್ರೀಮಂತ ದೇಶಗಳಲ್ಲಿ. 1950ರಲ್ಲಿ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು. 1951ರಲ್ಲಿ ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್ ಇದಕ್ಕೆ ಕಾರಣ ಗಾಜಿನ ಪೆಟ್ಟಿಗೆಯೊಳಗೆ ಧಾರಾಳವಾಗಿ ಬಿಡುತ್ತಿದ್ದ ಆಮ್ಲಜನಕ ಇರಬಹುದೆಂದರು. ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗ ಅದನ್ನು ಖಚಿತಪಡಿಸಿತು. ಎಲ್ಲೆಡೆ ಆಮ್ಲಜನಕಕ್ಕೆ ಕಡಿವಾಣ ಬಿತ್ತು. ಕುರುಡುತನ ಇಳಿಯಿತು, ಸಾವು ಏರಿತು. ಉಳಿದ ಒಂದೊಂದು ಜೊತೆ ಕಣ್ಣಿಗೆ ಹದಿನಾರು ಮಕ್ಕಳ ಜೀವ ಹೋಗಿರಬಹುದೆಂದು 1973ರಲ್ಲಿ ಒಬ್ಬ ವೈದ್ಯರು ಲೆಕ್ಕ ಹಾಕಿದರು. ವಾರ್ಡಿನಲ್ಲಿ ನಿಮ್ಮ ಮಗುವಿನ ಪಾದಕ್ಕೆ ಸುತ್ತಿದ ಕೆಂಪು ದೀಪದ ಪಟ್ಟಿ, ಪರದೆಯ ಮೇಲಿನ ಶೇಕಡಾವಾರು ಅಂಕಿ, ಅದು ಮೇಲೆ ಹೋದರೂ ಕೆಳಗೆ ಹೋದರೂ ಕಿರುಗುಟ್ಟುವ ಅಲಾರಂ, ಇವೆಲ್ಲ ಆ ಎರಡು ತಪ್ಪುಗಳ ನಡುವೆ ಹುಡುಕಿಕೊಂಡ ದಾರಿ. ಅಂಕಿ ನೂರಿದ್ದರೆ ಒಳ್ಳೆಯದಲ್ಲವೇ ಎಂದು ಅಪ್ಪಂದಿರು ನರ್ಸನ್ನು ಕೇಳುತ್ತಾರೆ. ಆಮ್ಲಜನಕ ಕೊಡುತ್ತಿರುವ ಮಗುವಿಗೆ ನೂರು ಒಳ್ಳೆಯದಲ್ಲ, ತೊಂಬತ್ತರಿಂದ ತೊಂಬತ್ತೈದರ ನಡುವೆ ಇರಲೆಂದು ಅವರು ಹೆಣಗುತ್ತಿರುತ್ತಾರೆ.

ಈ ಹೆಣಗಾಟ ಇಪ್ಪತ್ತನಾಲ್ಕು ಗಂಟೆಯೂ ಸಾಧ್ಯವಿರುವ ಕಡೆ, ಅಂದರೆ ಸ್ವೀಡನ್ನಿನಂಥ ಕಡೆ, ಕಣ್ಣಿಗೆ ಅಪಾಯ ಉಳಿದಿರುವುದು ತೀರಾ ಬೇಗ ಹುಟ್ಟಿದ ಮಕ್ಕಳಿಗೆ. ಅವರಿಗೆ ಮಾತ್ರ ಅದು ಕಡಿಮೆಯದ್ದಲ್ಲ. 2004ರಿಂದ 2007ರವರೆಗೆ ಇಡೀ ಸ್ವೀಡನ್ನಿನಲ್ಲಿ 27 ವಾರದೊಳಗೆ ಹುಟ್ಟಿ ಉಳಿದ ಮಕ್ಕಳನ್ನು ನೋಡಿದಾಗ ನೂರಕ್ಕೆ 73 ಮಕ್ಕಳಲ್ಲಿ ಆರ್‌ಒಪಿ ಸ್ವಲ್ಪವಾದರೂ ಇತ್ತು. ಚಿಕಿತ್ಸೆ ಬೇಕಾದವರು ನೂರಕ್ಕೆ 20 ಮಂದಿ. 2006ರಿಂದ ಸ್ವೆಡ್‌ರಾಪ್ ಎಂಬ ರಾಷ್ಟ್ರೀಯ ದಾಖಲೆ ಪುಸ್ತಕದಲ್ಲಿ ಇಲ್ಲಿ ತಪಾಸಣೆಯಾದ ಮಕ್ಕಳ ವಿವರ ಸೇರುತ್ತಾ ಬಂದಿದೆ. ಆ ದಾಖಲೆಯಲ್ಲಿ 30 ವಾರ ಕಳೆದು ಹುಟ್ಟಿದವರಲ್ಲಿ ಚಿಕಿತ್ಸೆ ಬೇಕಾದವರು ಇಲ್ಲವೆನ್ನುವಷ್ಟು ಕಡಿಮೆ ಎಂದು ಕಂಡಿತು. ಹಾಗಾಗಿ ಗಡಿಯನ್ನು ಹಂತಹಂತವಾಗಿ ಇಳಿಸಿ, 2020ರಿಂದ 30 ವಾರದೊಳಗೆ ಹುಟ್ಟಿದವರಿಗೆ ಮಾತ್ರ ತಪಾಸಣೆ ಎಂದು ಮಾಡಿದ್ದಾರೆ. ಅದಕ್ಕಿಂತ ದೊಡ್ಡ ಮಗುವೇ ತೀವ್ರ ಕಾಯಿಲೆ ಬಿದ್ದಿದ್ದರೆ ವೈದ್ಯರು ಬೇರೆಯಾಗಿ ಹೇಳುತ್ತಾರೆ. ಅಂದರೆ ಗೋಥೆನ್‌ಬರ್ಗಿನ ಮಗಳಿಗೆ “ಬೇಡ” ಎಂದದ್ದು ಉದಾಸೀನವಲ್ಲ. ತಪಾಸಣೆಯೂ ಮಗುವಿಗೆ ನೋವೇ. ಬೇಡದವರಿಗೆ ಅದನ್ನು ಕೊಡುವುದು ಬೇಡ ಎಂಬ ಲೆಕ್ಕ.

ಕರ್ನಾಟಕದ ಲೆಕ್ಕ ಬೇರೆ. ಅಲ್ಲಿ ದೊಡ್ಡ ಆಸ್ಪತ್ರೆಗಳಲ್ಲಿ ಇಲ್ಲಿಗೇನೂ ಕಡಿಮೆಯಿಲ್ಲದ ಆರೈಕೆ ಉಂಟು. ಆದರೆ ಸಣ್ಣ ಊರಿನ ಎಷ್ಟೋ ನರ್ಸಿಂಗ್ ಹೋಮುಗಳಲ್ಲಿ ಮಗುವನ್ನು ಉಳಿಸುವ ಆಮ್ಲಜನಕ ಇದೆ, ಅದನ್ನು ಗಾಳಿಯೊಡನೆ ಹದವಾಗಿ ಬೆರೆಸುವ ಉಪಕರಣ ಇಲ್ಲ. ಸೋಂಕೂ ಹೆಚ್ಚು. ಹಾಗಾಗಿ ಒಂದೂವರೆ ಕಿಲೋ ತೂಗುವ, 32-33 ವಾರದ ಮಕ್ಕಳಲ್ಲೂ ಕಾಯಿಲೆ ಜೋರಾಗಿ ಬರುತ್ತದೆ. ಭಾರತದ ನಿಯಮದಲ್ಲಿ 34 ವಾರದೊಳಗೆ ಹುಟ್ಟಿದ, ಅಥವಾ ಎರಡು ಕಿಲೋಗಿಂತ ಕಡಿಮೆ ತೂಗಿದ ಎಲ್ಲ ಮಕ್ಕಳ ಕಣ್ಣನ್ನೂ ಹುಟ್ಟಿದ 30 ದಿನದೊಳಗೆ ನೋಡಬೇಕು. 28 ವಾರದೊಳಗೆ ಅಥವಾ 1200 ಗ್ರಾಮಿಗಿಂತ ಕಡಿಮೆ ಹುಟ್ಟಿದ್ದರೆ ಇನ್ನೂ ಬೇಗ, ಎರಡು ಮೂರು ವಾರದಲ್ಲೇ. 34 ದಾಟಿದ ಮಗು ಆಮ್ಲಜನಕದಲ್ಲಿದ್ದರೆ, ಸೋಂಕಾಗಿದ್ದರೆ ಅದಕ್ಕೂ ಬೇಕಾಗುತ್ತದೆ.

ಇಲ್ಲಿ 30 ವಾರ, ಅಲ್ಲಿ 30 ದಿನ. ಒಂದು ಯಾರಿಗೆ ತಪಾಸಣೆ ಎನ್ನುವ ಲೆಕ್ಕ, ಇನ್ನೊಂದು ಯಾವತ್ತು ಎನ್ನುವ ಲೆಕ್ಕ. ಎರಡನ್ನೂ ಕಲಸಿಕೊಳ್ಳುವುದು ಬಹಳ ಸುಲಭ. ನೆನಪಿಡಬೇಕಾದದ್ದು ಇಷ್ಟೆ: ಮಗು ಎಲ್ಲಿ ಹುಟ್ಟಿ ಎಲ್ಲಿ ಆರೈಕೆ ಪಡೆಯಿತೋ ಅಲ್ಲಿನ ಲೆಕ್ಕ ಅದಕ್ಕೆ ಅನ್ವಯ. ಅಪ್ಪ ಅಮ್ಮನ ವಿಳಾಸ ಸ್ಟಾಕ್‌ಹೋಮಿನದಾದರೂ ಬಾಣಂತನಕ್ಕೆಂದು ಹೋಗಿ ಶಿವಮೊಗ್ಗದಲ್ಲಿ 32 ವಾರಕ್ಕೆ ಹೆರಿಗೆಯಾದರೆ ಮಗುವಿಗೆ ಭಾರತದ ನಿಯಮ. ಅದನ್ನು ಕರೆದುಕೊಂಡು ಎರಡು ತಿಂಗಳ ಮೇಲೆ ಸ್ವೀಡನ್ನಿಗೆ ಬಂದರೆ ಮಗು ಎಲ್ಲಿ, ಎಷ್ಟು ವಾರಕ್ಕೆ ಹುಟ್ಟಿತು, ಕಣ್ಣು ನೋಡಿದ್ದಾರೋ ಇಲ್ಲವೋ ಎನ್ನುವುದನ್ನು ಬಿವಿಸಿಯಲ್ಲಿ, ಅಂದರೆ ಇಲ್ಲಿನ ಮಕ್ಕಳ ಆರೋಗ್ಯ ಕೇಂದ್ರದಲ್ಲಿ, ನೀವಾಗಿಯೇ ಹೇಳಬೇಕು. ಅವರ ಪಟ್ಟಿಯಲ್ಲಿ 32 ವಾರ ಎಂದರೆ ಚಿಂತೆಯಿಲ್ಲದ ಅಂಕಿ.

ವಾರ ಎಂದಾಗ ಒಂದು ಮಾತು. ನಮ್ಮ ಮನೆಗಳಲ್ಲಿ ಇನ್ನೂ ತಿಂಗಳ ಲೆಕ್ಕವೇ ನಡೆಯುತ್ತದೆ. ಏಳು ತಿಂಗಳಿಗೆ ಹುಟ್ಟಿದ್ದು, ಎಂಟಕ್ಕೆ ಹುಟ್ಟಿದ್ದು ಎಂದು. ಏಳರದ್ದು ಉಳಿಯುತ್ತದೆ, ಎಂಟರದ್ದು ಉಳಿಯುವುದಿಲ್ಲ ಎಂಬ ಹಳೆಯ ಮಾತಿಗೆ ಯಾವ ಆಧಾರವೂ ಇಲ್ಲ, ಅದನ್ನು ಬಿಡಿ. ಆದರೆ “ಏಳು ತಿಂಗಳು” ಎಂದರೆ 28 ವಾರವೂ ಆಗಬಹುದು, 31ವೂ ಆಗಬಹುದು. ಕಣ್ಣಿಗೆ ಅದು ಬಹಳ ದೊಡ್ಡ ವ್ಯತ್ಯಾಸ. ಊರಿನವರನ್ನು ಕೇಳುವಾಗ ವಾರ ಎಷ್ಟು, ಹುಟ್ಟಿದಾಗ ತೂಕ ಎಷ್ಟು ಎಂದೇ ಕೇಳಿ.

ಅಲ್ಲಿ ಇನ್ನೊಂದು ತೊಡಕು ನಮ್ಮದೇ ಸಂಪ್ರದಾಯದ್ದು. ಬಾಣಂತಿ ಹೊಸಿಲು ದಾಟಬಾರದು, ಹಸುಗೂಸಿಗೆ ಗಾಳಿ ಸೋಕಬಾರದು ಎನ್ನುವ ದಿನಗಳೂ ಆ 30 ದಿನಗಳೂ ಒಂದರ ಮೇಲೊಂದು ಬೀಳುತ್ತವೆ. ಮಗು ಆಸ್ಪತ್ರೆಯಿಂದ ಮನೆಗೆ ಬಂದಿದೆ, ಹಾಲು ಕುಡಿಯುತ್ತಿದೆ, ತೂಕ ಏರುತ್ತಿದೆ. ಈಗ ಕಣ್ಣಿಗೆಂದು ಮೂರು ಗಂಟೆ ಬಸ್ಸಿನಲ್ಲಿ ಕರೆದೊಯ್ಯಲು ಯಾವ ಅಜ್ಜಿಗೆ ಮನಸ್ಸು ಬರುತ್ತದೆ? ಇದನ್ನು ಅರಿತೇ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ತಂಡ 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಶುರು ಮಾಡಿತು. ಮಗು ಬೆಂಗಳೂರಿಗೆ ಬರುವ ಬದಲು ಕ್ಯಾಮೆರಾ ಮಗುವಿದ್ದಲ್ಲಿಗೆ ಹೋಗುತ್ತದೆ. ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ, ಕೆಂಪು, ಕಿತ್ತಳೆ, ಹಸಿರು ಎಂದು ಗುರುತು ಹಾಕುತ್ತಾರೆ, ಬೆಂಗಳೂರಿನ ತಜ್ಞರು ಅಂತರ್ಜಾಲದಲ್ಲಿ ಆ ಚಿತ್ರಗಳನ್ನು ನೋಡಿ ಹೇಳುತ್ತಾರೆ. ಕಣ್ಣಿನ ಡಾಕ್ಟರಿಲ್ಲದ ಊರಿಗೆ ಕಣ್ಣಿನ ಡಾಕ್ಟರ ನೋಟವನ್ನಾದರೂ ಮುಟ್ಟಿಸುವ ಈ ಉಪಾಯ ಬೇರೆ ರಾಜ್ಯಗಳಿಗೂ ಮಾದರಿಯಾಯಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಈ ಕಾಯಿಲೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಹೆಸರು ಹೇಳಿ ಕೇಳಬಹುದು.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ತೀರ್ಪು ಸಾಕ್ಷಿ. 1996ರಲ್ಲಿ ಚೆನ್ನೈನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ 29ನೇ ವಾರಕ್ಕೆ, 1250 ಗ್ರಾಂ ತೂಕದ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆ ಮಗುವನ್ನು ಉಳಿಸಿ ಮನೆಗೆ ಕಳಿಸಿತು. ಕಣ್ಣು ತೋರಿಸಿ ಎಂದು ಯಾರೂ ಹೇಳಲಿಲ್ಲ. ಅಪ್ಪ ಅಮ್ಮನಿಗೆ ಗೊತ್ತಾಗುವ ಹೊತ್ತಿಗೆ ಎರಡೂ ಕಣ್ಣು ಹೋಗಿದ್ದವು. ಹತ್ತೊಂಬತ್ತು ವರ್ಷಗಳ ನಂತರ, 2015ರ ಜುಲೈಯಲ್ಲಿ, ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಹೇಳದೆ ಬಿಟ್ಟದ್ದೇ ಅಲ್ಲಿನ ತಪ್ಪು. ಈಗ ಎಷ್ಟೋ ಆಸ್ಪತ್ರೆಗಳು ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ತಾರೀಕು ಬರೆದೇ ಕೊಡುತ್ತವೆ. ಊರಿನ ಚೀಟಿಯ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಂಡು ಆ ಸಾಲು ಇದೆಯೇ ನೋಡುವುದು ನೀವು ಇಲ್ಲಿಂದಲೇ ಮಾಡಬಹುದಾದ ಕೆಲಸ.

ನಿಮ್ಮದೇ ಮಗು ಇಲ್ಲಿ 30 ವಾರದೊಳಗೆ ಹುಟ್ಟಿದ್ದರೆ ನೀವಾಗಿ ತಾರೀಕು ಹುಡುಕಬೇಕಾಗಿಲ್ಲ, ವಾರ್ಡಿನವರೇ ಬರುತ್ತಾರೆ. ಮೊದಲ ತಪಾಸಣೆ ಸಾಮಾನ್ಯವಾಗಿ ಹುಟ್ಟಿದ ಐದಾರು ವಾರಕ್ಕೆ. ಅರ್ಧ ಮುಕ್ಕಾಲು ಗಂಟೆ ಮೊದಲು ಪಾಪೆ ಹಿಗ್ಗಲು ಹನಿ ಹಾಕುತ್ತಾರೆ. ಆಮೇಲೆ ಮರಗಟ್ಟಿಸುವ ಹನಿ ಹಾಕಿ, ರೆಪ್ಪೆಗಳನ್ನು ಸಣ್ಣ ಲೋಹದ ಕ್ಲಿಪ್ಪಿನಿಂದ ಅಗಲಿಸಿ ಹಿಡಿದು ಒಳಗೆ ನೋಡುತ್ತಾರೆ, ಇಲ್ಲವೇ ಕ್ಯಾಮೆರಾದಿಂದ ಚಿತ್ರ ತೆಗೆಯುತ್ತಾರೆ. ನೋಡಲು ಕಷ್ಟವಾಗುವ ದೃಶ್ಯ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹೊರಗೆ ನಿಂತರೂ ತಪ್ಪಲ್ಲ. ಒಳಗಿರುವ ಧೈರ್ಯವಿದ್ದರೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೈಕಾಲು ಒತ್ತಾಗಿ ಹಿಡಿದುಕೊಳ್ಳುವ ಕೆಲಸ, ಬಾಯಿಗೆ ಒಂದೆರಡು ಹನಿ ಸಿಹಿ ನೀರನ್ನೋ ಎದೆಹಾಲನ್ನೋ ಬಿಡುವ ಕೆಲಸ ನಿಮ್ಮದು. ಜೊತೆಗೆ ಮಾತು. ಆ ವಯಸ್ಸಿಗೆ ಕಿವಿ ಆಗಲೇ ಕೆಲಸ ಮಾಡುತ್ತಿರುತ್ತದೆ, ಹೊಟ್ಟೆಯೊಳಗೆ ಕೇಳಿದ ದನಿ ನಿಮ್ಮದೇ. ನರ್ಸು ಪಕ್ಕದಲ್ಲಿದ್ದಾರೆಂದು ಸಂಕೋಚಪಟ್ಟು ಮಗುವಿನ ಜೊತೆ ಇಂಗ್ಲಿಷಿನಲ್ಲೋ ತೊದಲು ಸ್ವೀಡಿಷಿನಲ್ಲೋ ಮಾತಾಡುವವರನ್ನು ನಾನು ನೋಡಿದ್ದೇನೆ. “ಆಯ್ತು ಕಂದ, ಆಯ್ತು ಆಯ್ತು” ಎನ್ನಿ. ಅಲ್ಲಿನ ನರ್ಸುಗಳೂ ಅದನ್ನೇ ಬಯಸುತ್ತಾರೆ.

ಡಾಕ್ಟರ ಜೊತೆಗಿನ ಮಾತು ಬೇರೆ ವಿಷಯ. ಮನೆಯಲ್ಲಿ ಸ್ವೀಡಿಷ್ ಚೆನ್ನಾಗಿ ಬರುವವನು ಹತ್ತು ವರ್ಷದ ಅಣ್ಣ ಎಂದು ಅವನನ್ನು ದುಭಾಷಿ ಮಾಡಬೇಡಿ. ಟೋಲ್ಕ್, ಅಂದರೆ ದುಭಾಷಿ ಬೇಕೆಂದು ಮೊದಲೇ ಹೇಳಿಡಿ. ಡಾಕ್ಟರು ವಲಯ, ಹಂತ ಎಂದು ಎರಡು ಅಂಕಿ ಹೇಳುತ್ತಾರೆ. ವಲಯ ಒಂದರಿಂದ ಮೂರು, ನಾಳಗಳು ಎಲ್ಲಿಯವರೆಗೆ ತಲುಪಿವೆ ಎಂಬುದು. ಇಲ್ಲಿ ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. ಹಂತ ಒಂದರಿಂದ ಐದು, ಕಾಯಿಲೆ ಎಷ್ಟು ಬೆಳೆದಿದೆ ಎಂಬುದು. ಇಲ್ಲಿ ಅಂಕಿ ಸಣ್ಣದಿದ್ದಷ್ಟೂ ಒಳ್ಳೆಯದು. ನಾಳಗಳು ಊದಿ ಸೊಟ್ಟಪಟ್ಟಾಗಿದ್ದರೆ ಅದಕ್ಕೆ “ಪ್ಲಸ್” ಎನ್ನುತ್ತಾರೆ. ಪ್ಲಸ್ ಎಂದರೆ ಶುಭವಾರ್ತೆ ಅಂದುಕೊಂಡು ಊರಿಗೆ ಫೋನ್ ಮಾಡಬೇಡಿ, ಅದು ಚಿಕಿತ್ಸೆ ಹತ್ತಿರವಾಯಿತೆನ್ನುವ ಸೂಚನೆ. ಚಿಕಿತ್ಸೆ ಬೇಕೆಂದಾದರೆ ಎರಡು ಮೂರು ದಿನದೊಳಗೆ ಮಾಡುತ್ತಾರೆ: ರಕ್ತವಿಲ್ಲದ ಅಂಚನ್ನು ಲೇಸರಿನಿಂದ ಸುಟ್ಟು ನಡುಭಾಗದ ದೃಷ್ಟಿಯನ್ನು ಉಳಿಸಿಕೊಳ್ಳುವುದು, ಇಲ್ಲವೇ ನಾಳಗಳ ಅತಿ ಬೆಳವಣಿಗೆಯನ್ನು ತಡೆಯುವ ಔಷಧವನ್ನು ಕಣ್ಣಿನೊಳಗೆ ಚುಚ್ಚುವುದು.

ಗೋಥೆನ್‌ಬರ್ಗಿನವರು ಒಂದು ಹೆಮ್ಮೆ ಪಡಬಹುದು. ಅಲ್ಲಿನ ಆನ್ ಹೆಲ್‌ಸ್ಟ್ರೋಮ್ ಎಂಬ ಕಣ್ಣಿನ ವೈದ್ಯೆ ಮತ್ತು ಜೊತೆಗಾರರು ಮಗುವಿನ ಬೆಳವಣಿಗೆಗೂ ಕಣ್ಣಿನ ನಾಳಗಳಿಗೂ ಇರುವ ನಂಟನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ವಾರವಾರದ ತೂಕ ನೋಡಿಯೇ ಯಾವ ಮಗುವಿಗೆ ಅಪಾಯ ಹೆಚ್ಚು ಎಂದು ಅಂದಾಜಿಸುವ ಲೆಕ್ಕವನ್ನೂ ಕಟ್ಟಿದ್ದಾರೆ. ಗೋಥೆನ್‌ಬರ್ಗ್, ಲುಂಡ್, ಸ್ಟಾಕ್‌ಹೋಮ್ ಆಸ್ಪತ್ರೆಗಳಲ್ಲಿ 28 ವಾರದೊಳಗೆ ಹುಟ್ಟಿದ 206 ಮಕ್ಕಳ ಮೇಲೆ ನಡೆಸಿದ ಅವರ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎರಡು ಬಗೆಯ ಕೊಬ್ಬಿನಾಮ್ಲಗಳನ್ನು ಹಾಲಿನ ನಳಿಕೆಯಲ್ಲಿ ಕೊಟ್ಟ ಮಕ್ಕಳಲ್ಲಿ ತೀವ್ರ ಆರ್‌ಒಪಿ ನೂರಕ್ಕೆ 16, ಕೊಡದವರಲ್ಲಿ 33. ಇದನ್ನು ಓದಿ ಅಂಗಡಿಯ ಮೀನೆಣ್ಣೆ ತರಬೇಡಿ. ಅದು ಡಾಕ್ಟರು ತೂಕಕ್ಕೆ ಅಳೆದು ಕೊಟ್ಟದ್ದು, ಎರಡನ್ನೂ ಸೇರಿಸಿ ಕೊಟ್ಟದ್ದು. ಊರಿಂದ ಕಳಿಸಿದ ಕಾಡಿಗೆ, ಕಣ್ಣಿಗೆ ಬಿಡುವ ಹರಳೆಣ್ಣೆ ಕೂಡ ಡಬ್ಬಿಯಲ್ಲೇ ಇರಲಿ.

ಮಗು ಮನೆಗೆ ಬಂದರೂ ತಪಾಸಣೆ ಮುಗಿದಿರುವುದಿಲ್ಲ. ನಾಳಗಳು ಅಂಚು ಮುಟ್ಟಿದವು ಎಂದು ಕಣ್ಣಿನ ಡಾಕ್ಟರೇ ಹೇಳುವವರೆಗೂ ಒಂದೆರಡು ವಾರಕ್ಕೊಮ್ಮೆ ಕರೆಯುತ್ತಿರುತ್ತಾರೆ. ನಾಮಕರಣಕ್ಕೆ ಊರಿಗೆ ಹೋಗುವ ಟಿಕೆಟ್ ಬುಕ್ ಮಾಡುವ ಮೊದಲು ಕೊನೆಯ ತಪಾಸಣೆ ಆಯಿತೇ ಎಂದು ಕೇಳಿ. ಚುಚ್ಚುಮದ್ದಿನ ಚಿಕಿತ್ಸೆ ಆಗಿದ್ದರೆ ಕಾಯಿಲೆ ತಿಂಗಳುಗಳ ಮೇಲೂ ಮರುಕಳಿಸಬಹುದು, ಆಗ ಇನ್ನೂ ಎಚ್ಚರ ಬೇಕು. ಹೋಗಲೇಬೇಕಾದರೆ ಎಪಿಕ್ರೀಸ್ ಎನ್ನುವ ಡಿಸ್ಚಾರ್ಜ್ ಸಾರಾಂಶವನ್ನು ಇಂಗ್ಲಿಷಿನಲ್ಲಿ ಪಡೆದು, ಅಲ್ಲಿ ತೋರಿಸುವ ತಾರೀಕನ್ನೂ ಇಲ್ಲಿಂದಲೇ ಗೊತ್ತು ಮಾಡಿಕೊಂಡು ಹೊರಡಿ.

ಇನ್ನೊಂದು ವಿಷಯ ಈ ಪತ್ರಿಕೆಯ ಓದುಗರಿಗೇ ಸೇರಿದ್ದು. ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ, ಅದರಲ್ಲೂ ಆರ್‌ಒಪಿ ಆಗಿದ್ದವರಲ್ಲಿ, ಸಮೀಪದೃಷ್ಟಿ ಮತ್ತು ಮಾಲುಗಣ್ಣು ಹೆಚ್ಚು. ಎರಡು ವರ್ಷದ ಮಗು ಪುಸ್ತಕದ ಚಿತ್ರ ತೋರಿಸಿದರೆ ಹೆಸರು ಹೇಳುವುದಿಲ್ಲ, ದೂರದ ಹಕ್ಕಿಯ ಕಡೆ ಬೆರಳು ಮಾಡುವುದಿಲ್ಲ ಎಂದಾಗ ಶಿಶುವಿಹಾರದವರೂ ನೆಂಟರೂ ಮೊದಲು ಅನುಮಾನಪಡುವುದು ಕನ್ನಡವನ್ನು. ಎರಡು ಭಾಷೆಯ ಗೊಂದಲ, ಮನೆಯಲ್ಲೂ ಸ್ವೀಡಿಷ್ ಮಾತಾಡಿ ಎಂಬ ಸಲಹೆ ಬರುತ್ತದೆ. ಮಗು ಬೇಗ ಹುಟ್ಟಿತ್ತು ಎಂದು ಅವರಿಗೆ ಹೇಳಿ, ಹುಟ್ಟಬೇಕಾಗಿದ್ದ ದಿನದಿಂದ ವಯಸ್ಸು ಎಣಿಸಿ, ಕಣ್ಣು ಕಿವಿ ಎರಡನ್ನೂ ನೋಡಿಸಿ. ಭಾಷೆ ಬಿಡುವ ಮಾತು ಬೇಡ. ಕಾಣುವುದು ಕಡಿಮೆಯಿರುವ ಮಗುವಿಗೆ ಸುತ್ತಲಿನ ಲೋಕ ತಿಳಿಯುವುದೇ ಹೆಚ್ಚಾಗಿ ನಿಮ್ಮ ಮಾತಿನಿಂದ.

ನಾಲ್ಕು ವರ್ಷಕ್ಕೆ ಬಿವಿಸಿಯಲ್ಲಿ ಎಲ್ಲ ಮಕ್ಕಳಿಗೂ ದೃಷ್ಟಿ ಪರೀಕ್ಷೆ ಇರುತ್ತದೆ. ಎಷ್ಟೋ ಕಡೆ ಬಳಸುವುದು ಹೆಚ್, ವಿ, ಓ, ಟಿ ಎಂಬ ನಾಲ್ಕೇ ಅಕ್ಷರಗಳ ಪಟ್ಟಿ. ಮಗು ಅವುಗಳ ಹೆಸರು ಹೇಳಬೇಕಾಗಿಲ್ಲ, ಗೋಡೆಯ ಮೇಲಿನದರಂತಿರುವುದನ್ನು ಕೈಯಲ್ಲಿರುವ ಕಾರ್ಡಿನಲ್ಲಿ ಮುಟ್ಟಿ ತೋರಿಸಿದರೆ ಸಾಕು. ಹೋಗುವ ಹಿಂದಿನ ವಾರ ಮನೆಯಲ್ಲಿ ಒಂದೊಂದೇ ಕಣ್ಣು ಮುಚ್ಚಿಸಿ ಈ ಆಟ ಆಡಿಸಿ. ಓ ನಮ್ಮ ಒಬ್ಬಟ್ಟು, ಹೆಚ್ ಏಣಿ, ವಿ ಕವಣೆ, ಟಿ ಕೊಡೆ. ಸೂಚನೆಯನ್ನು ಕನ್ನಡದಲ್ಲಿ ಹೇಳಬಹುದೇ ಎಂದು ನರ್ಸನ್ನು ಕೇಳಿ, ಬೇಡವೆನ್ನುವುದಿಲ್ಲ.